ತಿಥಿ ನೋಡಿ ಕುದುರೆ ಬಿಡುವುದು: ಗೋವಾ ಬೀಚಿನಲ್ಲಿ ನನ್ನ ಅನುಭವ

ಬೀಚಿನಲ್ಲಿ ಕುದುರೆ ಸವಾರಿ ನಡೆಸುವವರು ಗಡಿಯಾರ ನೋಡಬಾರದು, ತಿಥಿ ನೋಡಬೇಕು. ನಾನು ಇದನ್ನು ಹೇಳಿದಾಗ ಗೋವಾದಲ್ಲಿ ಇದೇ ಧಂದೆ ಮಾಡುವ ನಮ್ಮ ಕಡೆಯವರೇ ನಂಬಲಿಲ್ಲ. "ಟೂರಿಸ್ಟ್ ಏನು ನಿನ್ನ ಅಮಾಸಿ ಕೇಳಿ ರಜಾ ಹಾಕ್ತಾನೇನೋ ತಮ್ಮಾ?" ಅಂದರು ನಮ್ಮ ಕಾಕಾ. ಒಬ್ಬ ರೆಸಾರ್ಟ್ ಮ್ಯಾನೇಜರ್ ಅಂತೂ ನನ್ನ ಬೋರ್ಡನ್ನೇ ತೆಗೆಸಿದ. ಈಗ ಸೀಸನ್ ಮುಗಿದಿದೆ, ಲೆಕ್ಕ ಹಾಕಿದ್ದೇನೆ. ಸಾಲ ತೀರಿದೆ. ಅಕ್ಟೋಬರಿನಿಂದ ಮೇ ತನಕ ಒಂದು ಕುದುರೆಯೂ ಕುಂಟಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕುದುರೆ ಬಿಡುವುದು ದಕ್ಷಿಣ ಗೋವಾದಲ್ಲಿ. ಬಾಣಾವಲಿ, ವಾರ್ಕಾ, ಕಾವೆಲೋಸಿಂ, ಕೊನೆಗೆ ಸಾಳ ನದಿ ಸಮುದ್ರ ಸೇರುವ ಮೋಬೋರ್. ಉದ್ದಕ್ಕೂ ಒಂದೇ ಬೀಚು, ಬಂಡೆ ಅಡ್ಡ ಬರುವುದಿಲ್ಲ. ಉತ್ತರದ ಮೋರ್ಜಿಂ, ಮಾಂದ್ರೆ ಕಡೆ ಆಮೆ ಮೊಟ್ಟೆ ಇಡುವ ಜಾಗಗಳಿವೆ. ಅಲ್ಲಿಗೆ ನಾನು ಕುದುರೆ ಒಯ್ಯುವುದಿಲ್ಲ, ನೀವೂ ಒಯ್ಯಬೇಡಿ.

ಮೊದಲು ಎಲ್ಲರ ಹಾಗೆ ನಾನೂ ದಿನಾ ಸಂಜೆ 5ಕ್ಕೆ ಸವಾರಿ ಇಟ್ಟಿದ್ದೆ. ಸೂರ್ಯ ಮುಳುಗುವ ಹೊತ್ತು, ಫೋಟೋ ಚೆನ್ನಾಗಿ ಬರುತ್ತದೆ, ಕೇಳುವವರೂ ಜಾಸ್ತಿ. ಆದರೆ ಯಾವುದಾದರೂ ಒಂದು ಕುದುರೆ ಮುಂಗಾಲು ಎತ್ತಿಕೊಂಡು ನಿಂತೇ ಇರುತ್ತಿತ್ತು. ಕಾಲಿನ ಹಿಂದಿನ ನರ (ಟೆಂಡನ್) ಬಿಸಿ, ಬಾವು. ಮೂರು ವಾರ ಕಟ್ಟಿ ಹಾಕಿ ಮೇಯಿಸಬೇಕು. ಒಂದು ಕುದುರೆಯ ಮೇವು, ಹುರುಳಿ, ಬೂಸಾ ಸೇರಿ ದಿನಕ್ಕೆ ಸುಮಾರು 350 ರೂಪಾಯಿ. ಡಾಕ್ಟರ್ ಖರ್ಚು ಬೇರೆ. ದುಡಿಯುವ ಕುದುರೆ ಲಾಯದಲ್ಲಿ ನಿಂತರೆ ಎರಡು ಕಡೆಯಿಂದ ನಷ್ಟ ಅಲ್ವಾ?

ಲಾಯದ ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಕುದುರೆ ಕುಂಟಿದ ದಿನಕ್ಕೆಲ್ಲ ಕೆಂಪು ಗೀಟು ಹಾಕುತ್ತಾ ಬಂದಿದ್ದೆ. ಡಾಕ್ಟರ್ ಕೇಳಿದರೆ ತೋರಿಸೋಣ ಅಂತ. ಒಂದು ದಿನ ಹಾಳೆ ತಿರುವಿ ನೋಡಿದರೆ ಗೀಟುಗಳೆಲ್ಲ ಗುಂಪು ಗುಂಪು. ಅಷ್ಟಮಿ, ನವಮಿ, ದಶಮಿ. ಶುಕ್ಲ ಪಕ್ಷದಲ್ಲೂ ಅಷ್ಟೇ, ಕೃಷ್ಣ ಪಕ್ಷದಲ್ಲೂ ಅಷ್ಟೇ. ಮುರ್ಗಾಂವ್ ಬಂದರಿನ ಟೈಡ್ ಟೇಬಲ್ (ಸಮುದ್ರದ ನೀರು ಏರಿಳಿಯುವ ಹೊತ್ತಿನ ಪಟ್ಟಿ) ಪಕ್ಕದಲ್ಲಿ ಇಟ್ಟುಕೊಂಡು ಕೂತೆ. ವಿಷಯ ಸರಳ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ನೀರು ಪೂರ್ತಿ ಇಳಿಯುವುದು ಬೆಳಗ್ಗೆ 5 ಮತ್ತು ಸಂಜೆ 5ರ ಆಸುಪಾಸು. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿ ಬರುವಷ್ಟರಲ್ಲಿ ಪೂರ್ತಿ ಉಲ್ಟಾ: ಸಂಜೆ 5ಕ್ಕೆ ನೀರು ಏರಿ ನಿಂತಿರುತ್ತದೆ. ಗಟ್ಟಿ ಮರಳೆಲ್ಲ ನೀರಿನಡಿ. ಮೇಲೆ ಉಳಿಯುವುದು ಸಡಿಲ ಒಣ ಮರಳು. ಅದರಲ್ಲಿ ಮೇಲೆ ಜನ ಕೂತ ಕುದುರೆ ಒಂದು ಗಂಟೆ ನಡೆದರೆ ಕಾಲು ಉಳಿಯುತ್ತದೆಯೇ?

ಈಗ ನನ್ನ ಪಟ್ಟಿ ಹೀಗಿದೆ. ದ್ವಾದಶಿಯಿಂದ ತದಿಗೆವರೆಗೆ ಸಂಜೆ ಸವಾರಿ. ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ಷಷ್ಠಿವರೆಗೆ ಬೆಳಗಿನ ಸವಾರಿ. ಸಪ್ತಮಿಯಿಂದ ಏಕಾದಶಿವರೆಗೆ ಬೀಚಿಗೆ ಕುದುರೆ ಇಲ್ಲ. ಮುಂಬೈ ಕಡೆ ಮಾಡುವವರು ಹೆಚ್ಚುಕಡಿಮೆ ಒಂದು ಗಂಟೆ ಮುಂದಕ್ಕೆ ಹಾಕಿಕೊಳ್ಳಿ. ಅಲ್ಲಿ ನೀರಿನ ಏರಿಳಿತವೂ ಇಲ್ಲಿಗಿಂತ ದುಪ್ಪಟ್ಟು. ಇಲ್ಲಿ ಹೆಚ್ಚೆಂದರೆ ಎರಡು ಮೀಟರ್ ಏರಿಳಿಯುತ್ತದೆ.

ತಿಥಿ ಸರಿ ಇದ್ದರೂ ಮರಳನ್ನು ನೋಡದೆ ಇಳಿಯಬೇಡಿ. ನಾನು ಮುಂದಿನ ಕುದುರೆಯನ್ನು ನಾಲ್ಕು ಹೆಜ್ಜೆ ನಡೆಸಿ ಬಗ್ಗಿ ಗುರುತು ನೋಡುತ್ತೇನೆ. ಗೊರಸು ಅರ್ಧ ಇಂಚು ಇಳಿದಿರಬೇಕು, ಅಂಚು ಚೂಪಾಗಿ ನಿಂತಿರಬೇಕು. ಅಂಚು ಕುಸಿದು ಒಳಗೆ ಬಿದ್ದರೆ ಮರಳು ಒಣಗಿದೆ, ಇನ್ನೂ ಕೆಳಗೆ ಹೋಗಿ. ಗುರುತಿನೊಳಗೆ ನೀರು ಒಸರಿ ತುಂಬಿಕೊಂಡರೆ ಮೇಲೆ ಬನ್ನಿ. ಈ ಎರಡರ ನಡುವೆ ಒಂದು ಪಟ್ಟೆ ಸಿಗುತ್ತದೆ. ಸಗಣಿ ಸಾರಿಸಿದ ಅಂಗಳದ ಹಾಗೆ ಇರುತ್ತದೆ ಅದು. ಸವಾರಿ ಅದರ ಮೇಲೆಯೇ ಆಗಬೇಕು. ಬೀಚು ಸಮುದ್ರದ ಕಡೆ ಇಳಿಜಾರು ಇರುವುದರಿಂದ ಹೋದ ದಾರಿಯಲ್ಲೇ ವಾಪಸ್ ಬನ್ನಿ. ಆಗ ಭಾರ ಎರಡೂ ಬದಿಯ ಕಾಲಿಗೆ ಸಮ ಆಗುತ್ತದೆ. ಒಂದು ಕಡೆ ಸವಾರಿ, ವಾಪಸ್ ಜೀಪು ಅಂತ ಪ್ಯಾಕೇಜ್ ಮಾಡುವವರ ಕುದುರೆಗಳ ಒಂದೇ ಬದಿ ಕಾಲು ಹಾಳಾಗಿರುವುದನ್ನು ನಾನು ನೋಡಿದ್ದೇನೆ.

ಇನ್ನು ದುಡ್ಡು. ತಿಂಗಳಿಗೆ ಹತ್ತು ದಿನ ಬೀಚು ಬಂದ್ ಅಂದರೆ ಎಲ್ಲರೂ ಹೆದರುತ್ತಾರೆ. ಮೊದಲ ಸೀಸನ್ ನಾನೂ ಒದ್ದಾಡಿದೆ. ಶನಿವಾರ ನವಮಿ ಬಿದ್ದರೆ ಬೆಂಗಳೂರು, ಹುಬ್ಬಳ್ಳಿಯಿಂದ ಬಂದ ಫ್ಯಾಮಿಲಿಗಳು ಕೇಳಿ ಕೇಳಿ ವಾಪಸ್ ಹೋಗುತ್ತಿದ್ದರು. ಅವತ್ತು ಕೈಯಿಂದ ಹತ್ತು ಸಾವಿರ ಜಾರಿತು ಅಂತಲೇ ಲೆಕ್ಕ. ರೆಸಾರ್ಟಿನವರಿಗೆ ನೂರಕ್ಕೆ ಮೂವತ್ತು ಕಮಿಷನ್ ಕೊಟ್ಟರೂ ದಿನಾ ಬೇಕು ಅನ್ನುವವರೇ. ಆ ಮ್ಯಾನೇಜರ್ ಮುನಿಸಿಕೊಂಡ ಮೇಲೆ ನಾನು ರೆಸಾರ್ಟುಗಳನ್ನೇ ಬಿಟ್ಟೆ. ಇಡೀ ಸೀಸನ್ನಿನ ತಾರೀಖು ಮತ್ತು ಹೊತ್ತಿನ ಪಟ್ಟಿಯನ್ನು ಸೆಪ್ಟೆಂಬರಿನಲ್ಲೇ ಮಾಡಿ ಹಳೇ ಗಿರಾಕಿಗಳಿಗೆಲ್ಲ ವಾಟ್ಸಾಪ್ ಮಾಡಿದೆ. ಮೊದಲು ಅರ್ಧ ಗಂಟೆಗೆ 500 ತೆಗೆದುಕೊಳ್ಳುತ್ತಿದ್ದೆ. ಈಗ ಒಂದು ಗಂಟೆ ಸವಾರಿಗೆ ತಲೆಗೆ ಸುಮಾರು 1,800, ಅರ್ಧ ಮುಂಗಡ. ಒಂದು ಬ್ಯಾಚಿಗೆ ನಾಲ್ಕೇ ಜನ, ಪ್ರತಿ ಕುದುರೆಯ ಪಕ್ಕ ಒಬ್ಬ ಹುಡುಗ ನಡೆಯುತ್ತಾನೆ. ಕಮಿಷನ್ ಇಲ್ಲ, ಕುಂಟು ಇಲ್ಲ. ದಿನಾ ಬಿಡುತ್ತಿದ್ದಾಗ ಕೈಗೆ ಉಳಿಯುತ್ತಿದ್ದದ್ದಕ್ಕಿಂತ ಈಗ ಇಪ್ಪತ್ತು ದಿನದಲ್ಲಿ ಒಂದೂವರೆ ಪಟ್ಟು ಉಳಿಯುತ್ತಿದೆ. ಪಟ್ಟಿ ನೋಡಿ ರಜೆ ಹಾಕಿ ಬರುವವರು ಈಗ ಇದ್ದಾರೆ. ಕಾಕಾಗೆ ತೋರಿಸಿದೆ.

ಬಂದ್ ಇರುವ ದಿನಗಳಿಗೆ ಒಂದು ಪ್ರಯೋಗ ಮಾಡಿದೆ. ಭತ್ತ ಕೊಯ್ದ ಮೇಲೆ ಬಾಣಾವಲಿ ಒಳಗಿನ ಗದ್ದೆ ಬದಿಯ ಮಣ್ಣು ದಾರಿ ಒಣಗಿರುತ್ತದೆ. ಗದ್ದೆಯವರ ಒಪ್ಪಿಗೆ ಪಡೆದು ಅಲ್ಲಿ ಮಕ್ಕಳ ಸವಾರಿ ಶುರು ಮಾಡಿದೆ. ದೊಡ್ಡ ದುಡ್ಡು ಬರುವುದಿಲ್ಲ, ಮೇವಿನ ಖರ್ಚು ಹುಟ್ಟುತ್ತದೆ. ಹುಣ್ಣಿಮೆ ಬೆಳದಿಂಗಳ ಸವಾರಿಯನ್ನೂ ನೋಡಿದೆ. ಅದು ಆಗಲಿಲ್ಲ. ಬೀದಿನಾಯಿಗಳು, ಮೀನುಗಾರರು ದಡಕ್ಕೆ ಎಳೆಯುವ ರಾಂಪಣಿ ಬಲೆಯ ಹಗ್ಗ, ಶ್ಯಾಕುಗಳ (ಬೀಚಿನ ಗುಡಿಸಲು ಹೋಟೆಲು) ಲೈಟು. ಕುದುರೆ ಹೆಜ್ಜೆ ಹೆಜ್ಜೆಗೂ ಬೆಚ್ಚುತ್ತಿತ್ತು, ನಿಲ್ಲಿಸಿಬಿಟ್ಟೆ.

ಕುದುರೆಯ ಆಯ್ಕೆ ಬಗ್ಗೆ ನಾಲ್ಕು ಮಾತು. ಪುಣೆ, ಮುಂಬೈ ರೇಸಿನಿಂದ ಹೊರಬಿದ್ದ ಕುದುರೆ ಅಗ್ಗಕ್ಕೆ ಸಿಗುತ್ತದೆ ಅಂತ ದಲ್ಲಾಳಿಗಳು ಬೆನ್ನು ಬೀಳುತ್ತಾರೆ. ನಾನು ಒಂದನ್ನು ಸುಮಾರು 40 ಸಾವಿರಕ್ಕೆ ತಂದೆ. ನೋಡಲು ರಾಜ. ಆದರೆ ಎದುರಿಗೆ ಖಾಲಿ ಬೀಚು ಕಂಡರೆ ಅದಕ್ಕೆ ಓಡುವುದೊಂದೇ ಗೊತ್ತು. ಹಳೇ ನರದ ಪೆಟ್ಟು ಬೇರೆ ಇತ್ತು, ಮಾರಿದವನು ಹೇಳಿರಲಿಲ್ಲ. ಬೂಸಾ ಎರಡರಷ್ಟು ತಿನ್ನುತ್ತಿತ್ತು. ಕೊನೆಗೆ ಒಂದು ಸವಾರಿ ಶಾಲೆಗೆ ಅರ್ಧ ಬೆಲೆಗೆ ಕೊಟ್ಟೆ. ಈಗ ನನ್ನ ಹತ್ತಿರ ಇರುವುದು ಎರಡು ಥರ. ಒಂದು, ಧನಗರರು ಕುರಿಮಂದೆ ಜೊತೆ ಕೊಂಕಣಕ್ಕೂ ಘಟ್ಟದ ಮೇಲಕ್ಕೂ ಓಡಾಡಿಸುವ ಭೀಮಥಡಿ ತಟ್ಟು. ಮಕ್ಕಳಿಗೆ, ಹಗುರ ಮೈಯವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಗಟ್ಟಿ ಕಾಲು, ಶಾಂತ ಸ್ವಭಾವ. ಇನ್ನೊಂದು, ಮಹಾರಾಷ್ಟ್ರದ ಸಾರಂಗಖೇಡಾ ಕುದುರೆ ಜಾತ್ರೆಯಲ್ಲಿ ತಂದ ಮಾರವಾಡಿ ಮಿಶ್ರ ತಳಿ. ದತ್ತ ಜಯಂತಿಗೆ ನಡೆಯುವ ಆ ಜಾತ್ರೆಯಲ್ಲಿ ಸುಳಿ ಮತ್ತು ಬಣ್ಣಕ್ಕೆ ಲಕ್ಷಗಟ್ಟಲೆ ಕೊಡುತ್ತಾರೆ. ನಮಗೆ ಅವೆಲ್ಲ ಬೇಡ, ಕಾಲು ಮತ್ತು ಬೆನ್ನು ಸಾಕು. ಯಾವ ಸುಳಿ ಇರುವ ಕುದುರೆಯ ರೇಟು ಅರ್ಧಕ್ಕೆ ಇಳಿಯುತ್ತದೆ ಅನ್ನುವುದನ್ನು ಮಾತ್ರ ನಾನು ಬರೆಯುವುದಿಲ್ಲ. ಮುಂದಿನ ವರ್ಷ ನಾನೂ ಕೊಳ್ಳಬೇಕು.

ತೂಕ ತೂಗದೆ ಯಾರನ್ನೂ ಹತ್ತಿಸಬೇಡಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು. 400 ಕಿಲೋ ಕುದುರೆಗೆ 80 ಕಿಲೋ, ಅದರಲ್ಲಿ ಜೀನೇ ಏಳೆಂಟು ಕಿಲೋ ಹೋಗುತ್ತದೆ. ಜನರ ಎದುರು ತೂಗಿದರೆ ಬೇಜಾರಾಗುತ್ತಾರೆ. ಅದಕ್ಕೆ ಹತ್ತುವ ಮೆಟ್ಟಿಲಿನ ಹಲಗೆ ಕೆಳಗೆ ಕಾಟಾ ಕೂರಿಸಿದ್ದೇನೆ. ಅಂಕಿ ನನ್ನ ಹುಡುಗನಿಗೆ ಮಾತ್ರ ಕಾಣುತ್ತದೆ. ಜಾಸ್ತಿ ಇದ್ದವರಿಗೆ ಅವನು ಪಕ್ಕಕ್ಕೆ ಕರೆದು ಮರ್ಯಾದೆಯಿಂದ ಹೇಳಿ ಮುಂಗಡ ವಾಪಸ್ ಕೊಡುತ್ತಾನೆ. ಸೀಸನ್ನಿಗೆ ಇದರಿಂದ ಮೂವತ್ತು, ನಲವತ್ತು ಸಾವಿರ ಕೈಬಿಡುತ್ತದೆ. ಬಿಡಲಿ.

ಲಾಳ ತೆಗೆಸಿದ್ದಕ್ಕೂ ತುಂಬಾ ಮಾತು ಕೇಳಿದೆ. ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ನಲ್ಲಿ ಕುದುರೆ ಇಟ್ಟಿರುವ ಗೆಳೆಯ ಫೋನಿನಲ್ಲೇ ಬೈದ. ಅಲ್ಲಿನ ಕಲ್ಲು ದಾರಿಗೆ ಲಾಳ ಬೇಕು, ಒಪ್ಪುತ್ತೇನೆ. ಉಪ್ಪು ನೀರಿನಲ್ಲಿ ಮೊಳೆ ತುಕ್ಕು ಹಿಡಿದು ಸಡಿಲವಾಗುತ್ತದೆ, ಬೀಚಿನಲ್ಲಿ ಕಳಚಿ ಬಿದ್ದ ಲಾಳ ಬರಿಗಾಲಿನವರಿಗೆ ಅಪಾಯ. ಲಾಳ ಹೊಡೆಯುವ ನಾಲಬಂದನನ್ನು ಆರು ವಾರಕ್ಕೊಮ್ಮೆ ಕರೆಸಿ ಗೊರಸು ಕೆತ್ತಿಸುತ್ತೇನೆ, ಅಷ್ಟೇ. ಆದರೆ ಲಾಯದಿಂದ ಬೀಚಿಗೆ ಜಲ್ಲಿ ರಸ್ತೆ ಇದ್ದರೆ ಇದು ನಡೆಯುವುದಿಲ್ಲ. ನನಗೆ ತೆಂಗಿನ ತೋಟದ ಮಣ್ಣು ದಾರಿ ಸಿಕ್ಕಿದೆ. ಸವಾರಿ ಆದ ಮೇಲೆ ಕಾಲಿಗೆ ಸಿಹಿನೀರು ಹೊಡೆದು, ಒರೆಸಿ, ಗೊರಸಿಗೆ ಎಣ್ಣೆ ಹಚ್ಚಬೇಕು. ಹೊಂಗೆ ಎಣ್ಣೆ ಎಲ್ಲರಿಗೂ ಗೊತ್ತು. ನಾನು ಅದಕ್ಕೆ ಬೆರೆಸುವ ಇನ್ನೊಂದು ಸಾಮಾನು ನನ್ನ ಹತ್ತಿರವೇ ಇರಲಿ.

ಅಲೆಗೆ ಹೆದರುವ ಕುದುರೆಯನ್ನು ನೀರಿಗೆ ಎಳೆಯಬೇಡಿ, ಹೊಡೆಯಲಂತೂ ಬೇಡಿ. ಬಿಳಿ ನೊರೆ ಕಾಲ ಕೆಳಗೆ ಸರಿದರೆ ನೆಲವೇ ಜಾರಿದ ಹಾಗೆ ಅದಕ್ಕೆ ಅನಿಸುತ್ತದೆ. ನಾನು ಮಾಡುವುದು ಇಷ್ಟು. ಅಲೆ ಬಂದು ವಾಪಸ್ ಹೋಗುವಾಗ ಅದರ ಹಿಂದೆ ಎರಡು ಹೆಜ್ಜೆ ನಡೆಸುತ್ತೇನೆ, ಮುಂದಿನ ಅಲೆ ಬರುವ ಮೊದಲೇ ತಿರುಗಿಸುತ್ತೇನೆ. ನೀರು ತನಗೆ ಹೆದರಿ ಓಡುತ್ತಿದೆ ಅಂತ ಕುದುರೆಗೆ ಧೈರ್ಯ ಬರುತ್ತದೆ. ಹಳೇ ಕುದುರೆಯೊಂದು ಸಮುದ್ರದ ಕಡೆ ಗೋಡೆಯಾಗಿ ನಡೆಯಬೇಕು. ಎರಡು ವಾರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಿವಿ ಸಡಿಲ ಬಿಡುತ್ತದೆ.

ಮರಳು ಹೊಟ್ಟೆಗೆ ಹೋಗುವುದು ಇನ್ನೊಂದು ದೊಡ್ಡ ಖರ್ಚು. ಹೊಟ್ಟೆಶೂಲೆ ಬಂದು ಒಂದು ಒಳ್ಳೆಯ ತಟ್ಟುವನ್ನು ಕಳೆದುಕೊಂಡ ಮೇಲೆ ನೆಲದ ಮೇಲೆ ಮೇವು ಹಾಕುವುದನ್ನೇ ನಿಲ್ಲಿಸಿದೆ. ಈಗ ವಾರಕ್ಕೊಮ್ಮೆ ಪ್ರತಿ ಕುದುರೆಯ ಲದ್ದಿ ಪರೀಕ್ಷೆ. ನೆಲಕ್ಕೆ ತಾಗದ, ಮೇಲಿನ ನಾಲ್ಕೈದು ಉಂಡೆಯನ್ನು ಉಪ್ಪಿನಕಾಯಿ ಗಾಜಿನ ಭರಣಿಗೆ ಹಾಕಿ, ನೀರು ತುಂಬಿ, ಕದಡಿ, ಕಾಲು ಗಂಟೆ ಬಿಡುತ್ತೇನೆ. ಹುಲ್ಲಿನ ನಾರು ಮೇಲೆ ತೇಲುತ್ತದೆ. ತಳದಲ್ಲಿ ಬೂದು ಬಣ್ಣದ ಮರಳಿನ ಗೆರೆ ಕಂಡರೆ, ಭರಣಿ ವಾಲಿಸಿದಾಗ ಅದು ಸರ್ ಅಂತ ಜಾರಿದರೆ, ಅವತ್ತಿನಿಂದಲೇ ಇಸಬ್ಗೋಲು. ಡಾಕ್ಟರ್ ಹೇಳಿದ ಲೆಕ್ಕ ಕುದುರೆಯ ಕಿಲೋ ತೂಕಕ್ಕೆ ಒಂದು ಗ್ರಾಂ, ಒಂದು ವಾರ. ಮೆಡಿಕಲ್ ಅಂಗಡಿಯ ಡಬ್ಬಿ ತಂದರೆ ದಿವಾಳಿ. ಗುಜರಾತಿನ ಉಂಝಾ ಮಾರ್ಕೆಟ್ಟಿನಿಂದ ಮೂಟೆ ತರಿಸಿ, ನಾಲ್ಕು ಜನ ಹಂಚಿಕೊಳ್ಳಿ.

ಜೀನಿನ ಕೆಳಗೆ ಫೋಮ್ ಹಾಕಿ ನೋಡಿದೆ, ಬೆವರಿಗೆ ಬೆನ್ನು ಬೆಂದು ಹೋಯಿತು. ತೆಂಗಿನ ನಾರಿನ ದಿಂಬು ಉಜ್ಜಿತು. ಕೊನೆಗೆ ಊರಿನಿಂದ ಕುರುಬರ ಕಂಬಳಿ ತಂದು ನಾಲ್ಕು ಮಡಿಕೆ ಹಾಕಿದೆ. ಬೆವರು ಹೀರುತ್ತದೆ, ಒಗೆದರೆ ಬೇಗ ಒಣಗುತ್ತದೆ. ಎರಡು ಸಾವಿರದ ಕಂಬಳಿ ಹದಿನೈದು ಸಾವಿರದ ವಿದೇಶಿ ಪ್ಯಾಡನ್ನು ಸೋಲಿಸಿತು.

ಮೇ ತಿಂಗಳಲ್ಲಿ ದಡಕ್ಕೆ ಡಾಂಬರ್ ಉಂಡೆ (ಸಮುದ್ರದಲ್ಲಿ ಚೆಲ್ಲಿದ ಎಣ್ಣೆ ಗಟ್ಟಿಯಾದದ್ದು) ಬರಲು ಶುರುವಾಗುತ್ತದೆ, ಗೊರಸಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಗೋಣಿಯಿಂದ ಒರೆಸಿ. ಉಂಡೆ ಕಂಡಿತು ಅಂದರೆ ನಾನು ಲಾರಿಗೆ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಕುದುರೆ ಇಟ್ಟರೆ ಗೊರಸು ಕೊಳೆಯುತ್ತದೆ. ಅನಮೋಡ್ ಘಾಟ್ ಹತ್ತಿಸಿ ಬೆಳಗಾವಿ ಸೀಮೆಗೆ ಒಯ್ಯಲು ಒಂದು ಸಲಕ್ಕೆ 20 ಸಾವಿರದ ಹತ್ತಿರ. ಡಾಕ್ಟರ ಸರ್ಟಿಫಿಕೇಟ್, ಗ್ಲ್ಯಾಂಡರ್ಸ್ ಅನ್ನುವ ಕುದುರೆ ಅಂಟುರೋಗದ ರಕ್ತ ಪರೀಕ್ಷೆಯ ಕಾಗದ ಜೊತೆಗಿರಬೇಕು. ಒಂದು ಕಾಲಕ್ಕೆ ಹರ್ಮುಜ್‌ನಿಂದ ಹಡಗಿನಲ್ಲಿ ಬಂದ ಕುದುರೆಗಳು ಈ ಕರಾವಳಿಯಲ್ಲೇ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅಲ್ಲಿನ ಅರಸ ಸಾಳುವ ನರಸಿಂಹ ಪೂರ್ತಿ ಬೆಲೆ ಕೊಡುತ್ತಿದ್ದ ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿಯೊಬ್ಬ ಬರೆದಿಟ್ಟಿದ್ದಾನೆ. ನಾವು ವಿಮೆಯನ್ನೇ ನಂಬಬೇಕು. ಲಾರಿ ಹತ್ತಿಸುವ ಮೊದಲು ಪ್ರತಿ ಕುದುರೆಗೂ ಮಾಡಿಸಿ.

ಮುಂದಿನ ಸೀಸನ್ನಿನ ಪಟ್ಟಿ ತಯಾರಿದೆ. ಡಿಸೆಂಬರ್ ಕೊನೆ ವಾರ ಸಪ್ತಮಿಯೋ ನವಮಿಯೋ ಬಿದ್ದ ದಿನ ಎಷ್ಟೇ ಗಿರಾಕಿ ಬಂದರೂ ಬೀಚಿಗೆ ಬಿಡುವುದಿಲ್ಲ. ಕಾಕಾ ಈ ಸಲ ತಮ್ಮ ಎರಡು ಕುದುರೆಯನ್ನೂ ನನ್ನ ಪಟ್ಟಿಗೇ ಸೇರಿಸಿದ್ದಾರೆ.