ಲಾಗಿನ್ ಆಗುವ ನಿಮಿಷಗಳಿಗೂ ಸಂಬಳವಿದೆ: ಅದನ್ನು ಪಡೆಯುವುದು ಹೇಗೆ?

ಅಮೆರಿಕದ ಬಹಳಷ್ಟು ಕಾಲ್ ಸೆಂಟರ್‌ಗಳಲ್ಲಿ ಶಿಫ್ಟ್ ಒಂಬತ್ತಕ್ಕೆ ಅಂದರೆ, ಒಂಬತ್ತಕ್ಕೆ ಸರಿಯಾಗಿ ಮೊದಲ ಕರೆ ಎತ್ತಬೇಕು ಎಂದರ್ಥ. ಅದಕ್ಕಾಗಿ ಎಂಟೂ ಮುಕ್ಕಾಲಿಗೇ ಬಂದು ಕೂರಬೇಕು. ಕಂಪ್ಯೂಟರ್ ಆನ್ ಮಾಡಿ, ಪಾಸ್‌ವರ್ಡ್ ಹಾಕಿ, ಕಂಪನಿಯ ಜಾಲಕ್ಕೆ ಸೇರಿಸುವ ವಿಪಿಎನ್ ಸಿಗುವವರೆಗೆ ಕಾದು, ಮೊಬೈಲಿಗೆ ಬಂದ ಕೋಡ್ ಟೈಪ್ ಮಾಡಿ, ಗ್ರಾಹಕರ ಮಾಹಿತಿಯ ಸಾಫ್ಟ್‌ವೇರ್ ತೆರೆದು, ಹೆಡ್‌ಸೆಟ್ ಸರಿಯಿದೆಯಾ ಎಂದು ನೋಡಬೇಕು. ಇಷ್ಟೆಲ್ಲ ಮುಗಿದ ಮೇಲೆ ಸಂಬಳದ ಗಡಿಯಾರ ಓಡಲು ಶುರು. ಹಾಗಾದರೆ ಅಲ್ಲಿಯವರೆಗೆ ಮಾಡಿದ್ದು ಕೆಲಸ ಅಲ್ವಾ?

ಕೆಲಸವೇ. ಅಮೆರಿಕದಲ್ಲಿ ಕನಿಷ್ಠ ವೇತನ ಮತ್ತು ಓವರ್‌ಟೈಮ್ ನೋಡಿಕೊಳ್ಳುವುದು 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆ. ಕಾಲ್ ಸೆಂಟರ್‌ಗಳಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಅಲ್ಲಿನ ಕಾರ್ಮಿಕ ಇಲಾಖೆ 2008ರಲ್ಲೇ ತಿಳಿಸಿದೆ. ಕಂಪ್ಯೂಟರ್ ಆನ್ ಮಾಡಿ ಕೆಲಸದ ಸೂಚನೆ, ಇಮೇಲ್ ತೆರೆಯುವುದರಿಂದಲೇ ದಿನದ ಕೆಲಸ ಶುರುವಾಗುತ್ತದೆ. ಕೋರ್ಟ್‌ಗಳೂ ಇದನ್ನೇ ಹೇಳಿವೆ. 2021ರಲ್ಲಿ, ವಿದ್ಯಾರ್ಥಿ ಸಾಲ ನೋಡಿಕೊಳ್ಳುವ ನೆಲ್ನೆಟ್ ಸಂಸ್ಥೆಯ ಪ್ರಕರಣದಲ್ಲಿ ಮಾತು ಬಂದಿದ್ದು ಶಿಫ್ಟಿಗೆ ಸುಮಾರು ಎರಡೇ ನಿಮಿಷದ್ದು. ಅದಕ್ಕೂ ಹಣ ಕೊಡಬೇಕು ಎಂದು ಹತ್ತನೇ ಸರ್ಕ್ಯೂಟ್ (ಕೆಲವು ರಾಜ್ಯಗಳ ಒಂದು ವಲಯ) ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟಿತು. ಮರುವರ್ಷ ಒಂಬತ್ತನೇ ಸರ್ಕ್ಯೂಟ್ ಕೂಡ, ಕಾಲ್ ಸೆಂಟರ್ ನೌಕರರು ಕಂಪ್ಯೂಟರ್ ಆನ್ ಮಾಡುವುದು ಅವರ ಕೆಲಸದ ಭಾಗವೇ ಎಂದಿತು.

ಮೊದಲು ಬರೆದಿಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಇದಕ್ಕೆ ವಕೀಲರು ಬೇಡ, ಖರ್ಚೂ ಇಲ್ಲ. ಒಂದು ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆಯಿರಿ: "ಸೋಮವಾರ. ಕಂಪ್ಯೂಟರ್ ಆನ್ 8:46. ವಿಪಿಎನ್ ಎರಡು ಸಲ ಕಡಿತ. ಗಡಿಯಾರ ಒತ್ತಿದ್ದು 8:58. ಶಿಫ್ಟ್ ಮುಗಿದದ್ದು 5:30, ಕೊನೆಯ ಕರೆ ಮುಗಿದದ್ದು 5:37." ಇಷ್ಟು ಸಾಕು. ಊಟದ ಬಿಡುವಿನಲ್ಲಿ ಕರೆ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ. ಆ ಹೊತ್ತಿನಲ್ಲಿ ನಿಮಗೆ ಯಾವ ಕೆಲಸವೂ ಇಲ್ಲದಿದ್ದರೆ ಮಾತ್ರ ಊಟದ ಅರ್ಧ ಗಂಟೆಗೆ ಸಂಬಳ ಕಡಿಯಬಹುದು. ಇಪ್ಪತ್ತು ನಿಮಿಷದವರೆಗಿನ ಸಣ್ಣ ಬಿಡುವುಗಳಿಗಂತೂ ಸಂಬಳ ಕೊಡಲೇಬೇಕು.

ಲಾಗಿನ್ ಕೋಡ್ ನಿಮ್ಮ ಸ್ವಂತ ಮೊಬೈಲಿಗೆ ಮೆಸೇಜ್ ಆಗಿ ಬರುತ್ತಿದ್ದರೆ ಆ ಮೆಸೇಜ್‌ಗಳನ್ನು ಅಳಿಸಬೇಡಿ. ಪ್ರತಿಯೊಂದರ ಮೇಲೂ ಸಮಯ ಇರುತ್ತದೆ. "ಹದಿನೈದು ನಿಮಿಷ ಮೊದಲೇ ಬನ್ನಿ" ಎಂದು ಟೀಮ್ ಲೀಡ್ ಕಳಿಸಿದ ಮೆಸೇಜ್, ಸಂಬಳದ ಚೀಟಿ, ಶಿಫ್ಟ್ ಪಟ್ಟಿ, ಎಲ್ಲ ಇಟ್ಟುಕೊಳ್ಳಿ. ಆದರೆ ಗ್ರಾಹಕರ ಹೆಸರು, ಖಾತೆ ಕಾಣುವ ಪರದೆಯ ಫೋಟೊ ಮಾತ್ರ ಬೇಡ. ಅದೇ ನಿಮ್ಮ ಮೇಲೆ ತಿರುಗಿಬೀಳಬಹುದು.

ಇದುವರೆಗೆ ಏನೂ ಬರೆದಿಟ್ಟಿಲ್ಲವೇ? ಹೆದರಬೇಡಿ. ಲೆಕ್ಕ ಇಡುವ ಹೊಣೆ ಕಂಪನಿಯದು. ಅದು ಸರಿಯಾಗಿ ಇಟ್ಟಿಲ್ಲದಿದ್ದರೆ ನೌಕರರು ನ್ಯಾಯವಾದ ಅಂದಾಜು ಕೊಟ್ಟರೂ ಸಾಕು ಎಂದು 1946ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಈಗ ಲೆಕ್ಕ ಹಾಕಿ

ದಿನಕ್ಕೆ 12 ನಿಮಿಷ, ವಾರಕ್ಕೆ ಐದು ದಿನ, ಅಂದರೆ ಒಂದು ಗಂಟೆ. ಆ ವಾರ ನಿಮಗೆ 40 ಗಂಟೆಯ ಸಂಬಳ ಬಂದಿದೆ ಎಂದಾದರೆ ಈ ಗಂಟೆ ಓವರ್‌ಟೈಮ್, ಒಂದೂವರೆ ಪಟ್ಟು. ಗಂಟೆಗೆ 20 ಡಾಲರ್ ಪಡೆಯುವವರಿಗೆ 30 ಡಾಲರ್. ವರ್ಷಕ್ಕೆ 50 ವಾರ ಹಿಡಿದರೆ 1,500 ಡಾಲರ್. ಕೋರ್ಟಿನಲ್ಲಿ ಗೆದ್ದರೆ ಸಾಮಾನ್ಯವಾಗಿ ಅಷ್ಟೇ ಮೊತ್ತ ಪರಿಹಾರವಾಗಿಯೂ ಸಿಗುತ್ತದೆ. ಗುರಿ ಮುಟ್ಟಿದ್ದಕ್ಕೆ ಕೊಡುವ ಬೋನಸ್, ರಾತ್ರಿ ಪಾಳಿಯ ಹೆಚ್ಚುವರಿ ಹಣ ಇದ್ದರೆ ಅವನ್ನೂ ಸೇರಿಸಿ ಓವರ್‌ಟೈಮ್ ದರ ಕಟ್ಟಬೇಕು. ತುಂಬ ಜನ ಇದನ್ನು ಬಿಟ್ಟುಬಿಡುತ್ತಾರೆ.

ಇಲ್ಲೊಂದು ತೊಡಕಿದೆ. ಬಿಟ್ಟುಹೋದ ನಿಮಿಷ ಸೇರಿಸಿದರೂ ವಾರಕ್ಕೆ 40 ಗಂಟೆ ದಾಟದಿದ್ದರೆ, ಜೊತೆಗೆ ಒಟ್ಟು ಸಂಬಳವನ್ನು ಗಂಟೆಗೆ ಹಂಚಿದಾಗ ಫೆಡರಲ್ (ಇಡೀ ದೇಶಕ್ಕೆ ಅನ್ವಯಿಸುವ) ಕನಿಷ್ಠ ವೇತನವಾದ 7.25 ಡಾಲರ್‌ಗಿಂತ ಜಾಸ್ತಿಯೇ ಬಂದರೆ, ಫೆಡರಲ್ ಕಾನೂನಿನಲ್ಲಿ ಹಣ ಸಿಗುವುದು ಕಷ್ಟ. ಆಗ ನಿಮ್ಮ ರಾಜ್ಯದ ಕಾನೂನು ನೋಡಿ. ಕೆಲವು ರಾಜ್ಯಗಳ ಕಾನೂನು ಇದಕ್ಕಿಂತ ಗಟ್ಟಿಯಾಗಿದೆ.

ಕೇಳುವುದು ಯಾರನ್ನು?

ಮೊದಲು ಎಚ್‌ಆರ್‌ಗೆ ಬರಹದಲ್ಲಿ ಕೇಳಿ. ದಿನಾಂಕ, ನಿಮಿಷ, ಮೊತ್ತ ಇದ್ದರೆ ಸಾಕು, ಸಿಟ್ಟಿನ ಮಾತು ಬೇಡ. "ಓವರ್‌ಟೈಮ್‌ಗೆ ನಾವು ಒಪ್ಪಿಗೆಯೇ ಕೊಟ್ಟಿರಲಿಲ್ಲ" ಎಂಬ ಉತ್ತರ ಬರಬಹುದು. ಅದು ನಿಲ್ಲುವುದಿಲ್ಲ. ನೀವು ಕೆಲಸ ಮಾಡುತ್ತಿರುವುದು ಗೊತ್ತಿದ್ದೂ ಸುಮ್ಮನಿದ್ದರೆ ಕಂಪನಿ ಹಣ ಕೊಡಲೇಬೇಕು.

ಅದು ಆಗಲಿಲ್ಲವೆಂದರೆ ಕಾರ್ಮಿಕ ಇಲಾಖೆಯ ವೇತನ ಮತ್ತು ಅವಧಿ ವಿಭಾಗಕ್ಕೆ 1-866-487-9243ಕ್ಕೆ ಫೋನ್ ಮಾಡಿ. ಶುಲ್ಕ ಇಲ್ಲ, ದೂರು ಗೋಪ್ಯವಾಗಿರುತ್ತದೆ, ವೀಸಾ ಸ್ಥಿತಿ ಏನೇ ಇದ್ದರೂ ದೂರು ಕೊಡಬಹುದು. ಇಲಾಖೆ ಕೊಡಿಸಿದ ಹಣ ಪಡೆಯುವಾಗ ಸಹಿ ಹಾಕುವ ಕಾಗದವನ್ನು ಓದಿ. ಪೂರ್ತಿ ಬಾಕಿ ಬಂತು ಎಂದು ಒಪ್ಪಿಕೊಂಡರೆ ಅದೇ ಬಾಕಿಗೆ ಮತ್ತೆ ಕೋರ್ಟಿಗೆ ಹೋಗಲಾಗದು.

ಇನ್ನೊಂದು ದಾರಿ ವಕೀಲರು. ಗೆದ್ದರೆ ನಿಮ್ಮ ವಕೀಲರ ಸಮಂಜಸ ಶುಲ್ಕವನ್ನೂ ಕಂಪನಿಯೇ ಕೊಡಬೇಕು. ಹಾಗಾಗಿ ಮೊದಲೇ ಹಣ ಕೇಳದ ವಕೀಲರೂ ಸಿಗುತ್ತಾರೆ. ಸಹೋದ್ಯೋಗಿಗಳೆಲ್ಲ ಸೇರಿ ಒಂದೇ ದಾವೆ ಹೂಡಬಹುದು. ಆದರೆ ಪ್ರತಿಯೊಬ್ಬರೂ ಲಿಖಿತ ಒಪ್ಪಿಗೆ ಸಲ್ಲಿಸಬೇಕು. ಕೆಲಸಕ್ಕೆ ಸೇರುವಾಗ ಮಧ್ಯಸ್ಥಿಕೆ ಒಪ್ಪಂದಕ್ಕೆ (ಜಗಳವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ತೀರಿಸಿಕೊಳ್ಳುವ ಒಪ್ಪಂದ) ಸಹಿ ಹಾಕಿದ್ದೀರಾ ಎಂದು ನೋಡಿಕೊಳ್ಳಿ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಗುಂಪಾಗಿ ಹೋಗಬಾರದು ಎಂದು ಅದರಲ್ಲಿದ್ದರೆ ಒಬ್ಬೊಬ್ಬರೇ ಹೋಗಬೇಕಾದೀತು.

ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯುವುದು, ಪಾಳಿ ಕಡಿತ ಮಾಡುವುದು ಕಾನೂನುಬಾಹಿರ. ಹಾಗೇನಾದರೂ ಆದರೆ ಅದೇ ಪುಸ್ತಕದಲ್ಲಿ ಅದನ್ನೂ ಬರೆಯಿರಿ. ಅದು ಬೇರೆಯೇ ದೂರಾಗುತ್ತದೆ.

ತಡ ಮಾಡಬೇಡಿ

ಫೆಡರಲ್ ಕಾನೂನಿನಲ್ಲಿ ಎರಡು ವರ್ಷ ಹಿಂದಿನವರೆಗೆ ಮಾತ್ರ ಬಾಕಿ ಕೇಳಬಹುದು. ಕಂಪನಿ ಬೇಕೆಂದೇ ತಪ್ಪು ಮಾಡಿದೆ ಎಂದು ತೋರಿಸಿದರೆ ಮೂರು ವರ್ಷ. ಈ ಲೆಕ್ಕ ದಾವೆ ಹೂಡಿದ ದಿನದಿಂದ ಹಿಂದಕ್ಕೆ. ಗುಂಪು ದಾವೆಯಲ್ಲಿ, ನಿಮ್ಮ ಒಪ್ಪಿಗೆ ಪತ್ರ ಕೋರ್ಟಿಗೆ ಸೇರಿದ ದಿನದಿಂದ ಹಿಂದಕ್ಕೆ. ಇಲಾಖೆಗೆ ದೂರು ಕೊಟ್ಟ ಮಾತ್ರಕ್ಕೆ ಈ ಗಡುವು ನಿಲ್ಲುವುದಿಲ್ಲ. ಒಂದು ವಾರ ತಡವಾದರೆ ಹಳೆಯ ಒಂದು ವಾರದ ಹಣ ಕೈಬಿಟ್ಟಂತೆ. ಆ ಕೆಲಸ ಬಿಟ್ಟು ಹೋದವರಿಗೂ ಇದೇ ಗಡುವು, ಇದೇ ಹಕ್ಕು.