ರೇಷ್ಮೆ ಗೂಡಿನ ಜೀರುಂಡೆ ಬಿಡಿಸಿಕೊಟ್ಟ ಕೋಳಿ ತಲೆಬುರುಡೆ

ಶಿಡ್ಲಘಟ್ಟದಲ್ಲಿ ಗೂಡು ಕೂಡಿಡುವವರಿಗೆ ಡರ್ಮೆಸ್ಟಿಸ್ ಜೀರುಂಡೆ ಕಂಡರೆ ಆಗುವುದಿಲ್ಲ. ಒಳಗೆ ಸತ್ತು ಒಣಗಿದ ಪ್ಯೂಪಾ, ಅಂದರೆ ರೇಷ್ಮೆಹುಳುವಿನ ಕೋಶ, ತಿನ್ನಲು ಅದು ಗೂಡನ್ನೇ ಕೊರೆಯುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ನಾನು ಮಾತ್ರ ಅದನ್ನು ಹುಡುಕಿಕೊಂಡೇ ಹೋದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳ ಕೈಗೆ ಕೊಡಲು ಒಂದು ಒಳ್ಳೆಯ ತಲೆಬುರುಡೆ ಬೇಕಿತ್ತು. ಈ ಜೀರುಂಡೆ ಒಣ ಮಾಂಸವನ್ನು ತಿಂದು ಮೂಳೆಯನ್ನು ಹಾಗೇ ಬಿಡುತ್ತದೆ.

ಮೊದಲೆಲ್ಲ ಮಾಂಸ ಬಿಡಿಸಲು ತಲೆಯನ್ನು ಕುದಿಸುತ್ತಿದ್ದೆ. ಕೋಳಿಯ ತೆಳು ಮೂಳೆಗಳು ಬಿಟ್ಟುಕೊಂಡು ಪಾತ್ರೆಯ ತಳ ಸೇರುತ್ತಿದ್ದವು. ಕೊಬ್ಬು ಮೂಳೆಯೊಳಗೆ ಇಳಿದು ಹಳದಿ ಬಣ್ಣ ಬರುತ್ತಿತ್ತು.

ಗೂಡಿನಿಂದ ನೂಲು ಬಿಚ್ಚುವ ಪರಿಚಯದ ರೀಲರ್ ಒಬ್ಬರು ಪ್ಯೂಪಾ ಒಣಗಿಸುವ ಜಾಗಕ್ಕೆ ಕರೆದೊಯ್ದರು. ‘ಸಾರ್, ನಾವು ಇದನ್ನ ಓಡಿಸೋಕೆ ನೋಡ್ತೀವಿ, ನೀವು ಸಾಕ್ತೀರಾ?’ ಎಂದರು. ಒಂದು ಚೀಲ ಕೊಡವಿದರೆ ಸಾಕು, ನೂರಾರು ಸಿಕ್ಕವು. ನಮಗೆ ಬೇಕಾದದ್ದು ದೊಡ್ಡ ಜೀರುಂಡೆಗಿಂತ ಅದರ ಮರಿಹುಳು. ಮೈತುಂಬ ಕಂದು ಕೂದಲು, ಬಾಲದ ತುದಿಯಲ್ಲಿ ಎರಡು ಚಿಕ್ಕ ಕೊಂಬು. ಜಾಸ್ತಿ ತಿನ್ನುವುದು ಅದೇ.

ತಂದು ಥರ್ಮಾಕೋಲ್ ಡಬ್ಬಿಯಲ್ಲಿ ಬಿಟ್ಟೆ, ಅದು ನನ್ನ ತಪ್ಪು. ಕೋಶವಾಗುವ ಹೊತ್ತಿಗೆ ಮರಿಹುಳು ಎಲ್ಲಾದರೂ ಕೊರೆದು ಅಡಗಬೇಕು. ವಾರದೊಳಗೆ ಡಬ್ಬಿಯ ಗೋಡೆ ಜರಡಿಯಾಗಿತ್ತು. ಆಮೇಲೆ ಮೀನು ಸಾಕುವ ಗಾಜಿನ ತೊಟ್ಟಿಗೆ ಹಾಕಿ, ಮೇಲೆ ಸಣ್ಣ ಕಣ್ಣಿನ ಲೋಹದ ಜಾಲರಿ ಬಿಗಿದೆ. ಕೊರೆದುಕೊಳ್ಳಲು ಥರ್ಮಾಕೋಲ್ ಚೂರುಗಳನ್ನು ಒಳಗೇ ಇಟ್ಟೆ.

ತಲೆ ಸಿಕ್ಕಿದ್ದು ಯುಗಾದಿಯ ಮಾರನೇ ದಿನ, ವರ್ಷದ ತೊಡಕಿಗೆ ಕೊಯ್ದ ನಾಟಿ ಕೋಳಿಯದು. ಚರ್ಮ ಸುಲಿದು, ನಾಲಿಗೆ, ಮಿದುಳು ತೆಗೆದೆ. ನೊಣ ಕೂರದಂತೆ ಬಲೆ ಮುಚ್ಚಿ ನೆರಳಲ್ಲಿ ಎರಡು ದಿನ ಒಣಗಿಸಿದೆ. ಇದನ್ನು ಮಾತ್ರ ಬಿಡಬೇಡಿ. ಹಸಿ ಮಾಂಸ ಹಾಕಿದರೆ ಬೂಷ್ಟು ಹಿಡಿಯುತ್ತದೆ, ನುಸಿ ಬರುತ್ತದೆ, ವಾಸನೆಗೆ ಮನೆಯವರೂ ಸುಮ್ನೆ ಬಿಡುವುದಿಲ್ಲ.

ಒಣಗಿದ ತಲೆಯನ್ನು ತೊಟ್ಟಿಯೊಳಗೆ ಇಟ್ಟು, ರಾತ್ರಿ ತೊಟ್ಟಿಗೆ ಕಿವಿ ಇಟ್ಟೆ. ಕಡ್ಲೆಪುರಿ ಪೊಟ್ಟಣ ಮೆಲ್ಲಗೆ ಅಲುಗಿಸಿದಂತೆ ಚರಚರ ಸದ್ದು. ಅಷ್ಟು ಹುಳುಗಳು ಒಟ್ಟಿಗೆ ತಿನ್ನುವ ಸದ್ದು ಅದು. ನನಗಂತೂ ಮೈ ಜುಮ್ಮೆಂದಿತು. ಬೇಸಿಗೆಯ ಸೆಕೆ ಅವಕ್ಕೆ ಚೆನ್ನಾಗಿ ಹಿಡಿಸುತ್ತದೆ. ಚಳಿಯಲ್ಲಾದರೆ ಕೆಲಸ ನಿಧಾನ.

ಐದನೇ ದಿನದಿಂದ ಬೆಳಿಗ್ಗೆ ಸಂಜೆ ನೋಡಿದೆ. ಹಕ್ಕಿಯ ಕಣ್ಣಿನೊಳಗೆ ಮೂಳೆಯ ಚಿಕ್ಕ ಚಿಕ್ಕ ಬಿಲ್ಲೆಗಳ ಉಂಗುರ ಇರುತ್ತದೆ. ಸುತ್ತಲಿನದ್ದು ತಿಂದು ಮುಗಿದ ಮೇಲೂ ಬಿಟ್ಟರೆ ಬಿಲ್ಲೆಗಳು ಚೆದುರುತ್ತವೆ. ಒಂದು ಕಣ್ಣಿನದು ಚೆದುರಿಯೇಬಿಟ್ಟಿತು. ಇನ್ನೊಂದನ್ನು ಒದ್ದೆ ಬ್ರಷ್ ತುದಿಯಲ್ಲಿ ಇಡಿಯಾಗಿ ಎತ್ತಿಕೊಂಡೆ.

ಬುರುಡೆಯನ್ನು ಡಬ್ಬಿಯಲ್ಲಿ ಮುಚ್ಚಿ ಫ್ರೀಜರಿನಲ್ಲಿ ಒಂದು ವಾರ ಇಟ್ಟೆ, ಸಂದಿಯಲ್ಲಿ ಉಳಿದ ಹುಳು ಸಾಯಲಿ ಅಂತ. ಆಮೇಲೆ ಸೋಪು ನೀರು, ಕೊನೆಗೆ ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಒಂದು ದಿನ. ಬ್ಲೀಚಿಂಗ್ ಪುಡಿ ಬೇಡ, ಮೂಳೆಯನ್ನೇ ತಿನ್ನುತ್ತದೆ.

ತೊಟ್ಟಿ ಗುಡಿಸುವಾಗ ಮೂಗು ಬಾಯಿ ಮುಚ್ಚಿಕೊಳ್ಳಿ. ಕಳಚಿದ ಪೊರೆಯ ಕೂದಲು ನವೆ, ಸೀನು ತರುತ್ತದೆ. ಲ್ಯಾಬಿನ ಒಣ ಕೀಟಗಳ ಪೆಟ್ಟಿಗೆ ಹತ್ತಿರವಂತೂ ತೊಟ್ಟಿ ಇಡಲೇಬಾರದು, ಒಂದು ಜೀರುಂಡೆ ನುಸುಳಿದರೂ ವರ್ಷಗಳ ಸಂಗ್ರಹ ಹೋಯಿತು. ಸತ್ತ ನವಿಲು, ಮುಂಗುಸಿ ತರಲೇ ಅಂತ ಮಕ್ಕಳು ಕೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆ ಇದೆ, ಮುಟ್ಟಬೇಡಿ ಎನ್ನುತ್ತೇನೆ. ಕೋಳಿ, ಕುರಿ, ಮೀನು ಸಾಕಲ್ವಾ?

ಆ ಉಂಗುರ ಈಗ ಕಪ್ಪು ಕಾಗದದ ಮೇಲೆ ಅಂಟಿಸಿದೆ. ಮೊನ್ನೆ ಒಬ್ಬಳು ಹುಡುಗಿ ಭೂತಗನ್ನಡಿ ಹಿಡಿದು ಬಿಲ್ಲೆಗಳನ್ನು ಎರಡೆರಡು ಸಲ ಎಣಿಸಿದಳು. ಎರಡು ಸಲವೂ 14.