ಹಳೆ ಡಿಎಸ್‌ಎಲ್‌ಆರ್ ಮಾರುವ ಮುನ್ನ ಸೂಪರ್‌ಜೂಮ್ ಜೊತೆ ಹೋಲಿಸಿ ನೋಡುವುದು ಹೇಗೆ?

2010ರ ಆಸುಪಾಸಿನಲ್ಲಿ ಆಸೆಪಟ್ಟು ಕೊಂಡ, ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ ಇವತ್ತು ಎಷ್ಟೋ ಮನೆಗಳಲ್ಲಿ ಬೀರು ಸೇರಿದೆ. ಜೊತೆಗೊಂದು 18-55 ಲೆನ್ಸ್, ದೂರದ್ದಕ್ಕೆ ಇನ್ನೊಂದು 70-300. ಒಂದು ಭಾನುವಾರ ರಂಗನತಿಟ್ಟಿಗೆ ಹೋದಾಗ, ದೋಣಿಯಲ್ಲಿ ಪಕ್ಕ ಕೂತವರ ಸೂಪರ್‌ಜೂಮ್ ಪರದೆಯ ತುಂಬ ಮೊಸಳೆಯ ಕಣ್ಣು ಕಾಣುತ್ತದೆ. ಲೆನ್ಸ್ ಬದಲಿಸುವಂತಿಲ್ಲ, ಒಂದೇ ಲೆನ್ಸಿನಲ್ಲಿ ಬಹುದೂರದವರೆಗೂ ಜೂಮ್ ಆಗುವ ಕ್ಯಾಮೆರಾ ಅದು. ಅಲ್ಲಿಗೆ ಮನಸ್ಸು ಅದರ ಕಡೆ ವಾಲುತ್ತದೆ. ವಾರದೊಳಗೆ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತರುತ್ತಾರೆ. ಆಮೇಲೆ ಮನೆಯಲ್ಲಿ ನಾಮಕರಣವೋ ಸೀಮಂತವೋ ಆದಾಗ, ಛತ್ರದ ಮಂಕು ಬೆಳಕಿನಲ್ಲಿ ಮುಖಗಳೆಲ್ಲ ಕಲಸಿಕೊಂಡು ಬಂದು ಬೇಜಾರಾಗುತ್ತದೆ.

ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಇವರೆಲ್ಲ ಹೋಲಿಸದೆ ಕೊಂಡವರಲ್ಲ. ಅಂಗಡಿ ಬಾಗಿಲಲ್ಲಿ ನಿಂತು, ರಸ್ತೆ ಆಚೆಗಿನ ಬೋರ್ಡಿಗೆ ಜೂಮ್ ಮಾಡಿ, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲೇ ನೋಡಿ ತೀರ್ಮಾನ ಮಾಡಿದವರು. ಹಗಲು ಬೆಳಕು, ದೂರದ ವಸ್ತು, ಚಿಕ್ಕ ಪರದೆ. ಮೂರೂ ಸೂಪರ್‌ಜೂಮ್‌ಗೆ ಅನುಕೂಲವಾದವೇ. ಒಂದು ಬೆಳಗ್ಗೆ, ಒಂದು ಸಂಜೆ ಬಿಡುವು ಮಾಡಿಕೊಂಡರೆ ಸರಿಯಾದ ಹೋಲಿಕೆಯನ್ನು ನೀವೇ ಮಾಡಬಹುದು.

ಇಲ್ಲಿ ಲೆಕ್ಕಕ್ಕೆ ಎರಡು ಕ್ಯಾಮೆರಾ ಇಟ್ಟುಕೊಳ್ಳುತ್ತೇನೆ. ಒಂದು 2010ರಲ್ಲಿ ಬಂದ ನಿಕಾನ್ ಡಿ7000, ಜೊತೆಗೆ 70-300 ಲೆನ್ಸ್. ಇನ್ನೊಂದು 2020ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ950, 83 ಪಟ್ಟು ಜೂಮ್. ಎರಡೂ 16 ಮೆಗಾಪಿಕ್ಸೆಲ್. ನಿಮ್ಮದು ಕ್ಯಾನನ್ ಆಗಿದ್ದರೂ ದಾರಿ ಇದೇ.

ಹಂತ 1: ಹಳೆ ಕ್ಯಾಮೆರಾವನ್ನು ಮೊದಲು ಸರಿ ಮಾಡಿಕೊಳ್ಳಿ

ಲೆನ್ಸ್ ಬಿಚ್ಚಿ, ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಮಳೆಗಾಲದಲ್ಲಿ ಬೀರುವಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಇದು ಸುಲಭವಾಗಿ ಹತ್ತುತ್ತದೆ. ಫಂಗಸ್ ಹಿಡಿದ ಲೆನ್ಸಿನಲ್ಲಿ ಫೋಟೊ ಮಂಜಾಗಿ ಬಂದರೆ ಅದು ಕ್ಯಾಮೆರಾದ ತಪ್ಪಲ್ಲ. ರಿಪೇರಿಯವರ ಹತ್ತಿರ ಕ್ಲೀನ್ ಮಾಡಿಸಿಯೇ ಮುಂದಿನ ಹಂತಕ್ಕೆ ಹೋಗಿ. ನೀವೇ ಸ್ಕ್ರೂ ಬಿಚ್ಚಲು ಹೋಗಬೇಡಿ.

ಇನ್ನು ಮೇಲೆ ಅದನ್ನು ಕ್ಯಾಮೆರಾ ಬ್ಯಾಗಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಸಾಕು. ಕೆಲವರು ಅಕ್ಕಿ ಡಬ್ಬದಲ್ಲಿ ಹೂತಿಡುತ್ತಾರೆ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಇಳಿಯುತ್ತದೆ, ಬೇಡ. ಬ್ಯಾಟರಿ ಸತ್ತಿದ್ದರೆ ಕಂಪನಿಯದ್ದೇ ಹುಡುಕಿ. ಹೆಸರೇ ಇಲ್ಲದ ಅಗ್ಗದ ಬ್ಯಾಟರಿ ಊದಿಕೊಂಡು ಕ್ಯಾಮೆರಾದಿಂದ ಹೊರಗೇ ಬರದೆ ಹೋದದ್ದನ್ನು ಕಂಡಿದ್ದೇನೆ.

ಹಂತ 2: ಸೂಪರ್‌ಜೂಮ್ ಕೊಳ್ಳಬೇಡಿ, ಬಾಡಿಗೆಗೆ ತನ್ನಿ

ಒಂದು ದಿನದ ಬಾಡಿಗೆ, ಇಲ್ಲವೇ ಗೊತ್ತಿದ್ದವರಿಂದ ಎರವಲು. ಮೆಮೊರಿ ಕಾರ್ಡ್ ಮಾತ್ರ ನಿಮ್ಮದೇ ಇರಲಿ.

ಹಂತ 3: ಡಬ್ಬದ ಮೇಲಿನ ನಂಬರ್ ಬಿಟ್ಟು ಲೆನ್ಸಿನ ಮೇಲಿನ ನಂಬರ್ ಓದಿ

ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಪಿ950 ಡಬ್ಬದ ಮೇಲೆ 24-2000 ಎಂ.ಎಂ. ಎಂದಿರುತ್ತದೆ. ಡಿ7000 ಇರುವವರು ತಮ್ಮ ಲೆನ್ಸ್ ನೋಡಿಕೊಂಡು "ನನ್ನದು ಬರೀ 300" ಎಂದು ಕುಗ್ಗುತ್ತಾರೆ. ಇವೆರಡೂ ಒಂದೇ ಅಳತೆಯಲ್ಲ. 2000 ಎನ್ನುವುದು ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳಿದ ಲೆಕ್ಕ. ಅದೇ ಲೆಕ್ಕದಲ್ಲಿ ನಿಮ್ಮ 300 ಆಗುವುದು 450. ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ. ಸೂಪರ್‌ಜೂಮ್‌ನ ನಿಜವಾದ ಅಳತೆ ಅದರ ಲೆನ್ಸಿನ ಮುಂಭಾಗದಲ್ಲೇ ಅಚ್ಚಾಗಿದೆ: 4.3-357 ಎಂ.ಎಂ., ಎಫ್ 2.8-6.5. ಹಾಗಾದರೆ 357 ಹೇಗೆ 2000 ಆಯಿತು? ಅದರ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ತುಂಬ ಚಿಕ್ಕದು. ಡಿ7000 ಸೆನ್ಸರಿನ ವಿಸ್ತೀರ್ಣ ಅದರ ಸುಮಾರು 13 ಪಟ್ಟು. ಚಿತ್ರದ ನಡುವಿನ ಪುಟ್ಟ ತುಂಡನ್ನೇ ಹಿಡಿಯುವುದರಿಂದ ಎಲ್ಲವೂ ಹತ್ತಿರ ಬಂದಂತೆ ಕಾಣುತ್ತದೆ.

ಈಗ ಒಂದು ಸಣ್ಣ ಭಾಗಾಕಾರ ಮಾಡಿ. ಲೆನ್ಸಿನ ನಿಜವಾದ ಎಂ.ಎಂ. ಅನ್ನು ಎಫ್ ನಂಬರಿನಿಂದ ಭಾಗಿಸಿದರೆ, ಬೆಳಕು ಒಳಗೆ ಬರುವ ಬಾಯಿ ಎಷ್ಟು ಅಗಲ ಎನ್ನುವುದು ಸಿಗುತ್ತದೆ. ಪೂರ್ತಿ ಜೂಮ್‌ನಲ್ಲಿ ಪಿ950: 357 ಭಾಗಿಸು 6.5, ಅಂದರೆ 55 ಎಂ.ಎಂ. ನಿಮ್ಮ 70-300 ಪೂರ್ತಿ ಎಳೆದಾಗ: 300 ಭಾಗಿಸು 5.6, ಅಂದರೆ ಸುಮಾರು 54 ಎಂ.ಎಂ. ಎರಡೂ ಒಂದೇ! ದೂರದ ಹಕ್ಕಿಯಿಂದ ಎರಡು ಕ್ಯಾಮೆರಾಗಳಿಗೂ ಹೆಚ್ಚುಕಡಿಮೆ ಅಷ್ಟೇ ಬೆಳಕು ಸಿಗುತ್ತದೆ. ಹಾಗಾಗಿ "ಚಿಕ್ಕ ಸೆನ್ಸರ್, ದೂರದ್ದಕ್ಕೆ ಪ್ರಯೋಜನ ಇಲ್ಲ" ಎನ್ನುವವರ ಮಾತನ್ನೂ ನಂಬಬೇಡಿ. ಆ ಬೆಳಕನ್ನು ಪಿ950 ತನ್ನ 16 ಮೆಗಾಪಿಕ್ಸೆಲ್ ತುಂಬ ಹರಡಿಕೊಳ್ಳುತ್ತದೆ. ಡಿ7000ನಲ್ಲಿ ಅಷ್ಟೇ ಹತ್ತಿರ ಬೇಕೆಂದು ಕ್ರಾಪ್ ಮಾಡಿದರೆ ಉಳಿಯುವುದು 1 ಮೆಗಾಪಿಕ್ಸೆಲ್‌ಗೂ ಕಡಿಮೆ.

ಅದೇ ಭಾಗಾಕಾರವನ್ನು ಜೂಮ್ ಮಾಡದೆ, ಅಗಲದ ನೋಟಕ್ಕೆ ಮಾಡಿ. ಪಿ950: 4.3 ಭಾಗಿಸು 2.8, ಒಂದೂವರೆ ಎಂ.ಎಂ. ಹಳೆಯ 18-55: 18 ಭಾಗಿಸು 3.5, 5 ಎಂ.ಎಂ. ದಾಟುತ್ತದೆ. ಬಾಯಿಯ ವಿಸ್ತೀರ್ಣ ಲೆಕ್ಕ ಹಾಕಿದರೆ ಬೆಳಕು ಸುಮಾರು 11 ಪಟ್ಟು ಜಾಸ್ತಿ. ಛತ್ರದೊಳಗಿನ ಫೋಟೊ ಕಲಸಿಕೊಂಡು ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ವಾ? ಕ್ಯಾಮೆರಾ ಕೆಟ್ಟದ್ದಲ್ಲ. ಆ ಕೆಲಸಕ್ಕೆ ಬೇಕಾದಷ್ಟು ಬೆಳಕು ಅದರೊಳಗೆ ಹೋಗಲೇ ಇಲ್ಲ.

ಸೋನಿ ಆರ್‌ಎಕ್ಸ್10 ಮಾರ್ಕ್ 4ನಂಥವು ಬೇರೆ ಜಾತಿ. 1 ಇಂಚಿನ ದೊಡ್ಡ ಸೆನ್ಸರ್, 24-600 ಜೂಮ್, ಎಫ್ 2.4ರಿಂದ 4. ಮಂಕು ಬೆಳಕಿನಲ್ಲೂ ಅದು ಚೆನ್ನಾಗಿ ತೆಗೆಯುತ್ತದೆ, ಆದರೆ ಬೆಲೆ ಬಹಳ ಮೇಲೆ. ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಹಂತ 4: ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ

ಸೂಪರ್‌ಜೂಮ್‌ನ ಡಿಜಿಟಲ್ ಜೂಮ್ ಆಫ್ ಮಾಡಿ. ಅದು ಇದ್ದದ್ದನ್ನೇ ಹಿಗ್ಗಿಸುತ್ತದೆ, ಹೊಸದೇನೂ ತೋರಿಸುವುದಿಲ್ಲ. ಎರಡರಲ್ಲೂ ಜೆಪೆಗ್, ದೊಡ್ಡ ಸೈಜ್, ಬಣ್ಣ ಸ್ಟ್ಯಾಂಡರ್ಡ್. ಗಡಿಯಾರದ ಸಮಯ ಒಂದೇ ಇರಲಿ, ಆಮೇಲೆ ಜೋಡಿ ಫೋಟೊ ಹುಡುಕಲು ಸುಲಭ.

ಒಂದು ಮುಖ್ಯ ವಿಷಯ. ಹೋಲಿಸುವವರು ಸಾಮಾನ್ಯವಾಗಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಒಂದೇ ಇಟ್ಟು, ಶಟರ್ ವೇಗವನ್ನು (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಎನ್ನುವುದನ್ನು) ಕ್ಯಾಮೆರಾಕ್ಕೆ ಬಿಡುತ್ತಾರೆ. ಆಗ ಒಂದು ಫೋಟೊ ಶೇಕ್ ಆಗಿ ಬರುತ್ತದೆ, ಬೈಗುಳ ಸೆನ್ಸರಿಗೆ ಬೀಳುತ್ತದೆ. ನೀವು ತಿರುಗಾಮುರುಗಾ ಮಾಡಿ. ಶಟರ್ ವೇಗ ಎರಡರಲ್ಲೂ ಒಂದೇ ಇಡಿ, ಅಪರ್ಚರ್, ಅಂದರೆ ಬೆಳಕು ಬರುವ ಆ ಬಾಯಿ, ಪೂರ್ತಿ ತೆರೆದಿರಲಿ. ಫೋಟೊ ಎರಡರಲ್ಲೂ ಒಂದೇ ಬೆಳಕಿಗೆ ಬರುವವರೆಗೆ ಐಎಸ್‌ಒ ಏರಿಸಿ. ನಿಜ ಜೀವನದಲ್ಲಿ ನಾವು ಮಾಡುವುದೂ ಅದೇ. ಮಗು ಓಡುವ ವೇಗ ಕ್ಯಾಮೆರಾ ನೋಡಿ ಕಡಿಮೆಯಾಗುವುದಿಲ್ಲ.

ಹಂತ 5: ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ, ಸಂಜೆ ಅರಮನೆ

ಬೆಳಗಿನ ಪರೀಕ್ಷೆಗೆ ಕುಕ್ಕರಹಳ್ಳಿ ಕೆರೆ ಏರಿ ನನಗೆ ಇಷ್ಟ. ಏರಿಯಿಂದ ಹಕ್ಕಿಗಳು ನಿಜವಾಗಿಯೂ ದೂರ ಇರುತ್ತವೆ. ರಂಗನತಿಟ್ಟಿನಲ್ಲಿ ದೋಣಿಯೇ ಹತ್ತಿರ ಒಯ್ಯುತ್ತದೆ, ಬಂಡೆ ಮೇಲಿನ ಮೊಸಳೆಗೆ 300 ಸಾಕು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿಗೆ ಹೋಗಲೆಂದು ಸೂಪರ್‌ಜೂಮ್ ಕೊಳ್ಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ಬಿಸಿಲು ಏರುವ ಮೊದಲೇ ಹೋಗಿ. ಹೊತ್ತು ಏರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಅಲುಗಾಡಿ, ದೂರದ ಹಕ್ಕಿಯ ಅಂಚು ಕರಗಿದಂತೆ ಬರುತ್ತದೆ. ಯಾವ ಕ್ಯಾಮೆರಾವೂ ಅದನ್ನು ಸರಿ ಮಾಡಲಾರದು. ಸೂಪರ್‌ಜೂಮ್ ಹೆಚ್ಚು ಹಿಗ್ಗಿಸುವುದರಿಂದ ಅದರಲ್ಲೇ ಜಾಸ್ತಿ ಎದ್ದು ಕಾಣುತ್ತದೆ.

ಮೊದಲು ಕೂತ ಹಕ್ಕಿ. ಟ್ರೈಪಾಡ್ ಮೇಲೆ ಇಡಿ, ಶೇಕ್ ತಡೆಯುವ ಸ್ವಿಚ್ ಆಫ್ ಮಾಡಿ, 2 ಸೆಕೆಂಡಿನ ಟೈಮರ್ ಹಾಕಿ. ಎರಡು ಜೋಡಿ ಬೇಕು. ಡಿ7000ನಲ್ಲಿ 300 ಇಟ್ಟು, ಪಿ950ಯಲ್ಲಿ ಪರದೆ ನೋಡಿಕೊಂಡು 450ರ ಹತ್ತಿರ ನಿಲ್ಲಿಸಿ ತೆಗೆದ ಜೋಡಿ ಒಂದು. ಎರಡನ್ನೂ ಪೂರ್ತಿ ಎಳೆದು ತೆಗೆದದ್ದು ಇನ್ನೊಂದು. ಮೊದಲ ಜೋಡಿಯನ್ನು ಎಲ್ಲರೂ ಮರೆಯುತ್ತಾರೆ. ನಾವು ದಿನಾ ತೆಗೆಯುವ ಫೋಟೊಗಳ ಬಗ್ಗೆ ಹೇಳುವುದು ಅದೇ ಜೋಡಿ.

ಆಮೇಲೆ ಹಾರುವ ಹಕ್ಕಿ. ಇದಕ್ಕೆ ಟ್ರೈಪಾಡ್ ಬೇಡ, ಸ್ವಿಚ್ ಮತ್ತೆ ಆನ್ ಮಾಡಿ, ಶಟರ್ 1/1000. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಹಕ್ಕಿಯನ್ನು ನೇರವಾಗಿ ಗಾಜಿನ ಮೂಲಕ ನೋಡುತ್ತೀರಿ. ಸೂಪರ್‌ಜೂಮ್‌ನ ಕಿಂಡಿಯಲ್ಲಿ ಇರುವುದು ಪುಟ್ಟ ಪರದೆ. ಫೋಕಸ್ ನಿಧಾನ, ಕೆಲವು ಫೋಟೊ ಒಟ್ಟಿಗೆ ಹೊಡೆದ ಮೇಲೆ ಕಾರ್ಡಿಗೆ ಬರೆಯುವವರೆಗೆ ಕಾಯಬೇಕು. ಪೂರ್ತಿ ಜೂಮ್‌ನಲ್ಲಿ ಹಕ್ಕಿ ತಪ್ಪಿಹೋದರೆ ಬರೀ ಆಕಾಶ. ಪಿ950ಯ ಲೆನ್ಸ್ ಪಕ್ಕದ ಗುಂಡಿ ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು, ಬಿಟ್ಟರೆ ಮತ್ತೆ ಮುಂದೆ ಹೋಗುತ್ತದೆ. ಅದನ್ನು ಕಲಿತೇ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಅದಕ್ಕೆ ಅನ್ಯಾಯ.

ಸಂಜೆಗೆ ಅರಮನೆ. ಭಾನುವಾರ 7 ಗಂಟೆಗೆ ಸುಮಾರು 1 ಲಕ್ಷ ಬಲ್ಬ್ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಎಲ್ಲರೂ ದೀಪಕ್ಕೆ ಗುರಿ ಇಡುತ್ತಾರೆ. ದೀಪದ ಸಾಲು ಮೊಬೈಲ್‌ನಲ್ಲೂ ಚೆನ್ನಾಗಿ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಮನೆಯವರನ್ನು ಅರಮನೆಗೆ ಬೆನ್ನು ಮಾಡಿ ನಿಲ್ಲಿಸಿ, ಮುಖಕ್ಕೆ ಮಂಕು ಬೆಳಕಷ್ಟೇ ಬೀಳಲಿ. ಫ್ಲಾಶ್ ಬೇಡ, ಶಟರ್ 1/60. ರೆಪ್ಪೆ, ಮುಡಿದ ಮಲ್ಲಿಗೆ, ಸೀರೆಯ ಜರಿ ಅಂಚು, ಹಿಂದಿನ ಕಪ್ಪು ಆಕಾಶ. ಮನೆಗೆ ಬಂದ ಮೇಲೆ ಈ ನಾಲ್ಕನ್ನೇ ನೋಡಿ. ಚಿಕ್ಕ ಸೆನ್ಸರಿನ ಕ್ಯಾಮೆರಾ ನಾಯ್ಸ್ (ಮಂಕು ಬೆಳಕಿನಲ್ಲಿ ಮೂಡುವ ಕಾಳುಕಾಳು ಚುಕ್ಕೆ) ಅಳಿಸುವ ಭರದಲ್ಲಿ ಜರಿಯ ಎಳೆಗಳನ್ನೂ ಅಳಿಸಿರುತ್ತದೆ. ಮಲ್ಲಿಗೆ ದಂಡೆ ಬಿಳಿ ಪಟ್ಟಿಯಾಗಿರುತ್ತದೆ.

ಆ ಸಂಜೆ ಚಂದ್ರ ಇದ್ದರೆ ಅವನನ್ನೂ ತೆಗೆಯಿರಿ. 2000ರಲ್ಲಿ ಚಂದ್ರ ಚೌಕಟ್ಟಿನ ಎತ್ತರದ ಮುಕ್ಕಾಲು ಭಾಗ ತುಂಬುತ್ತಾನೆ. ನಿಮ್ಮ 300ರಲ್ಲಿ ಆರನೇ ಒಂದು ಭಾಗ ಮಾತ್ರ. ಈ ಸಂತೋಷ ಹಳೆಯ ಕ್ಯಾಮೆರಾ ಕೊಡಲಾರದು.

ಹಂತ 6: ದೊಡ್ಡದಾಗಿ ನೋಡಿ

ಕ್ಯಾಮೆರಾ ಪರದೆಯಲ್ಲಿ ನೋಡಿ ತೀರ್ಮಾನ ಬೇಡ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿಕೊಂಡು ನೋಡುವುದಂತೂ ಬೇಡವೇ ಬೇಡ. ಕಂಪ್ಯೂಟರ್‌ನಲ್ಲಿ ಜೋಡಿಯನ್ನು ಅಕ್ಕಪಕ್ಕ ಇಡಿ. ನಿಮಗೆ ಮುಖ್ಯ ಅನ್ನಿಸಿದ ಎರಡು ಜೋಡಿಯನ್ನು ಸ್ಟುಡಿಯೊದಲ್ಲಿ ಎ4 ಅಳತೆಗೆ ಪ್ರಿಂಟ್ ಹಾಕಿಸಿ. ಒಳ್ಳೆಯ ಎ4 ಪ್ರಿಂಟಿಗೆ 9 ಮೆಗಾಪಿಕ್ಸೆಲ್ ಸಾಕು. "12 ಮೆಗಾಪಿಕ್ಸೆಲ್ ಕಾಲ ಮುಗೀತು ಸಾರ್" ಎನ್ನುವ ಮಾತಿಗೆ ಕಿವಿ ಕೊಡಬೇಡಿ.

ಹಂತ 7: ತೀರ್ಮಾನ

ನೀವು ವರ್ಷವೆಲ್ಲ ತೆಗೆಯುವುದು ಮನೆಮಂದಿ, ಸಮಾರಂಭ, ದಸರಾ ಸಂಜೆಗಳಾಗಿದ್ದರೆ ಸೂಪರ್‌ಜೂಮ್ ಆಸೆ ಬಿಡಿ. ಆ ದುಡ್ಡಿನ ಒಂದು ಸಣ್ಣ ಭಾಗಕ್ಕೆ 50 ಎಂ.ಎಂ. ಎಫ್ 1.8 ಲೆನ್ಸ್ ತನ್ನಿ. ಭಾಗಾಕಾರ ಮಾಡಿ ನೋಡಿ, 28 ಎಂ.ಎಂ. ಬಾಯಿ! ಸೂಪರ್‌ಜೂಮ್‌ನಲ್ಲಿ ಅದೇ ನೋಟಕ್ಕೆ 5 ಎಂ.ಎಂ. ಕೂಡ ಸಿಗುವುದಿಲ್ಲ. ನಿಕಾನ್ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಫೋಕಸ್ ಮೋಟಾರ್ ಇಲ್ಲ. ಆ ಬಾಡಿ ಇರುವವರು ಒಳಗೇ ಮೋಟಾರ್ ಇರುವ, ಎಎಫ್-ಎಸ್ ಎಂದು ಬರೆದಿರುವ ಲೆನ್ಸ್ ಕೇಳಿ ತೆಗೆದುಕೊಳ್ಳಿ. ಎಎಫ್-ಡಿ ಕೊಂಡರೆ ಕೈಯಲ್ಲೇ ಫೋಕಸ್ ಮಾಡುತ್ತಾ ಕೂರಬೇಕು.

ಕೆರೆ ಹಕ್ಕಿ, ಚಂದ್ರ, ದೂರದ ಗೋಪುರದ ಶಿಲ್ಪ ಇವೇ ನಿಮ್ಮ ಹುಚ್ಚಾದರೆ ಧೈರ್ಯವಾಗಿ ಸೂಪರ್‌ಜೂಮ್ ಕೊಳ್ಳಿ. ಡಿ7000 ಮತ್ತು 70-300 ಸೇರಿ ಒಂದೂವರೆ ಕೆಜಿ, ಪಿ950 ಸುಮಾರು 1 ಕೆಜಿ. ಲೆನ್ಸ್ ಬದಲಿಸುವ ರಗಳೆ ಇಲ್ಲ, ಸೆನ್ಸರಿಗೆ ದೂಳು ಕೂರುವ ಚಿಂತೆ ಕಡಿಮೆ.

ಆದರೆ ಹಳೆಯದನ್ನು ಕೊಡಬೇಡಿ. ಎಕ್ಸ್‌ಚೇಂಜ್‌ನಲ್ಲಿ ಸಿಗುವ ಅಲ್ಪ ದುಡ್ಡಿಗೆ ಅದರ ಅರ್ಧದಷ್ಟು ಕೆಲಸ ಮಾಡುವ ಕ್ಯಾಮೆರಾವೂ ಬರುವುದಿಲ್ಲ. ಕೊಡಲೇಬೇಕು ಅಂತಿದ್ದರೆ ಕ್ಯಾಮೆರಾ ಬಾಡಿಯೊಂದಕ್ಕೇ ಬೇರೆ, ಪ್ರತಿ ಲೆನ್ಸಿಗೆ ಬೇರೆ ಬೆಲೆ ಬರೆಸಿಕೊಳ್ಳಿ. ಎಲ್ಲ ಸೇರಿಸಿ ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಹಳೆ ಬಾಡಿಯ ಬೆಲೆ ಬಿದ್ದಷ್ಟು ಒಳ್ಳೆಯ ಲೆನ್ಸಿನ ಬೆಲೆ ಬಿದ್ದಿರುವುದಿಲ್ಲ. ಕೊಡುವ ಮುಂಚೆ ಕಾರ್ಡ್ ತೆಗೆದುಕೊಳ್ಳುವುದು ಮರೆಯಬೇಡಿ.